ಕೇಳುವ ಕೀಲಿ

ರಾಹೆ ಪಟ್ಟಣ, ಫಿನ್‌ಲೆಂಡ್

ಕುರ್ಚಿ ಇನ್ನಷ್ಟು ಹತ್ತಿರ ಎಳೆದುಕೊ, ಇಲ್ಮರಿ,
ಈ ಗ್ರಂಥಾಲಯದ ಹೀಟರಿಗೆ ನನ್ನಷ್ಟೇ ವಯಸ್ಸು.
ಮಂಗಳವಾರ ಹತ್ತರಿಂದ ಹನ್ನೆರಡು
ಹಿರಿಯರಿಗೆ ಕಂಪ್ಯೂಟರ್ ಸಹಾಯ ಅಂತ
ನೀನು ಚೀಟಿ ಹಚ್ಚಿದ್ದು ಸೆಪ್ಟೆಂಬರಿನಲ್ಲಿ,
ನಾನು ಬಂದದ್ದು ಸಮುದ್ರ ಹೆಪ್ಪುಗಟ್ಟಿದ ಮೇಲೆ.

ತೊಂದರೆ ಏನೂ ದೊಡ್ಡದಲ್ಲ.
ಸೈಮಿಗೆ ಎರಡು ಸಾಲು ಬರೆಯಲು ಕೂತಿದ್ದೆ,
ಅವಳ ಗಂಡ ತೀರಿಕೊಂಡು ಒಂಬತ್ತು ದಿನ.
'ಪ್ರೀತಿಯ' ಅಂತ ಬೆರಳಿಟ್ಟಿದ್ದೇ ತಡ
ಮಗ್ಗುಲಿಂದ ಒಂದು ಚೌಕ ಇಣುಕಿ
'ನಿಮ್ಮ ಪರವಾಗಿ ಬರೆದುಕೊಡಲೇ?' ಅಂತು.
ಬೇಡ ಅಂದೆ.
ಮೂಲೆಗೆ ಸರಿದು ಮಿನುಗುತ್ತ ಕೂತಿತು,
ತಟ್ಟೆ ಎತ್ತಲು ಕಾದು ನಿಂತ ಮಾಣಿಯ ಹಾಗೆ.

ಅದಕ್ಕೂ ಮುಂಚೆ ಒಂದು ಬೆಳಗ್ಗೆ
ಕೈ ನಡುಗುವುದು ಯಾಕೆ ಅಂತ ಹುಡುಕಿದ್ದೆ,
ಸಂಜೆಗೆಲ್ಲ ನಡುಗದ ಚಮಚದ ಜಾಹೀರಾತು.
ಮಗಳಿಗೇ ಇನ್ನೂ ಹೇಳಿರಲಿಲ್ಲ ಕಣೋ.

ನಗಬೇಡ. ನಿನ್ನ ವಯಸ್ಸಿನಲ್ಲಿ ನಾನು
ಒಂದು ಹಳ್ಳಿಯ ಟೆಲಿಫೋನ್ ಕೇಂದ್ರದಲ್ಲಿದ್ದೆ.
ಅರವತ್ತೆಂಟು ತೂತು, ಹನ್ನೆರಡು ಜೋಡಿ ವೈರು,
ತಲೆಗೆ ಬಿಗಿದ ಒಂದು ಹೆಚ್ಚಿನ ಕಿವಿ.
ಕೀಲಿ ಇತ್ತು: ಮುಂದಕ್ಕೆ ಒತ್ತಿದರೆ ಕೇಳುತ್ತೆ,
ಬಿಟ್ಟರೆ ಇಲ್ಲ.
ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದರು,
ಕಿವಿಗೆ ಬಿದ್ದದ್ದು ಬಾಯಿಗೆ ಬರಬಾರದು.
'ಸಿಕ್ಕಿದರಾ?' ಅಂತ ಕೇಳಿ, ಹೂಂ ಅಂದ ಕೂಡಲೇ
ಕೀಲಿ ಬಿಡುವುದು. ಅಷ್ಟೇ ಕೆಲಸ.
ಸೇರಿಸುವುದು, ಆಮೇಲೆ ಇಲ್ಲದಂತಾಗುವುದು.

ಒಮ್ಮೆ ಬಿಡಲಿಲ್ಲ.
ಎಪ್ಪತ್ನಾಲ್ಕರ ಏಪ್ರಿಲ್, ಹಿಮ ಕರಗಿ ದಾರಿಯೆಲ್ಲ ಕೆಸರು.
ಔಲುವಿನ ಆಸ್ಪತ್ರೆಯಿಂದ ಕರೆ, ಗರಗಸದ ಮಿಲ್ಲಿನ ತೈಸ್ತೊಗೆ.
ಡಾಕ್ಟರರ ದನಿ ತಗ್ಗಿತು;
ನನ್ನ ಬೆರಳು ಕೀಲಿಯ ಮೇಲೇ ಉಳಿಯಿತು.
ಮನೆಗೆ ಹೋಗಿ ಅಮ್ಮನ ಮುಂದೆ ಒಂದೇ ಮಾತು,
ಕೆಟ್ಟ ಮನಸ್ಸಿನಿಂದಲ್ಲ, ಪಾಪ ಅನ್ನಿಸಿ.
ಅಮ್ಮ ಏಲಕ್ಕಿ ಹಾಕಿ ಬನ್ನು ಬೇಯಿಸಿದಳು.
ಪಕ್ಕದವಳೂ ಬೇಯಿಸಿದಳು. ಅವಳ ಪಕ್ಕದವಳೂ.
ಸಂಜೆ ಸೈಮಿ ಬಾಗಿಲು ತೆರೆದರೆ
ಮೆಟ್ಟಿಲ ಮೇಲೆ ಬಿಸಿಬಿಸಿ ಏಳು ಬುಟ್ಟಿ.
ಅವಳಿಗೆ ಗಂಡ ಇನ್ನೂ ಹೇಳಿರಲಿಲ್ಲ.

ತೈಸ್ತೊ ಆಗ ಸಾಯಲಿಲ್ಲ, ಅದು ಬೇರೆ ಮಾತು,
ಇನ್ನೂ ಅರ್ಧ ಶತಮಾನ ಬದುಕಿದ.
ಏಲಕ್ಕಿ ಮಾತ್ರ ಆ ಮನೆಯೊಳಗೆ ಮತ್ತೆ ಬರಲಿಲ್ಲವಂತೆ.

ಈ ಮಿನುಗುವ ಚೌಕಕ್ಕೂ ಅದೇ ವಾಸನೆ.
ಎಲ್ಲ ಉಪಕಾರಕ್ಕೇ, ಎಲ್ಲ ನನ್ನ ಒಳ್ಳೆಯದಕ್ಕೇ.

ಸರಿ, ತೋರಿಸು ನಿನ್ನ ಪಟ್ಟಿ.
ಇದು? ಖಾಸಗಿ ಅಂತ ದಪ್ಪಕ್ಷರದಲ್ಲಿ ಬರೆದುಕೊಂಡಿದೆ,
ಪಕ್ಕದಲ್ಲಿ ಬೀಗದ ಚಿತ್ರ ಬೇರೆ.
ಬೀಗ ಎಲ್ಲಾದರೂ ಬೀಗುತ್ತದೆಯೇ?
ಅದು? ಎಐ ಇದೆ, ಆದರೆ ಆರಿಸಬಹುದು ಅನ್ನುತ್ತೀಯ.
ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಇನ್ನೊಂದು;
ಅಪ್‌ಡೇಟ್ ಆದ ಮರುದಿನ ಮತ್ತೆ ಹೊತ್ತಿಕೊಂಡಿರುತ್ತೆ.
ದಿನವೂ ಆರಿಸುತ್ತ ಕೂರುವುದಕ್ಕಿಂತ
ಒಮ್ಮೆ ಆರಿಸಿಕೊಂಡುಬಿಡುವುದು ವಾಸಿ.

ಹಾಗಾದರೆ ಈ ಕೊನೆಯದು.
ಹೆಸರು ನಾಲಿಗೆಗೆ ಹತ್ತುವುದಿಲ್ಲ.
ತೆರೆದರೆ ಬರಿಯ ಬಿಳಿ, ನಮಸ್ಕಾರ ಕೂಡ ಇಲ್ಲ.
ಮುಚ್ಚಿದರೆ ನನ್ನನ್ನು ಮರೆಯುತ್ತೆ,
ಪ್ರತಿ ಸಲ ಪಾಸ್‌ವರ್ಡ್ ಕೇಳುತ್ತೆ ಅಂದೆಯಾ?
ನಾನೂ ಮರೆಯುತ್ತೇನೆ. ಜೋಡಿ ಸರಿಹೋಯಿತು.
ಬ್ಯಾಂಕಿನ ಪುಟ ಒಮ್ಮೊಮ್ಮೆ ತೆರೆಯದೆಯೂ ಇರಬಹುದಾ?
ಬ್ಯಾಂಕಿಗೆ ನಡೆದೇ ಹೋದೇನು.
ಶಾಖೆ ಮುಚ್ಚಿ ಮೂರು ವರ್ಷ ಆಯಿತು, ಗೊತ್ತು.
ಆದರೂ ಇರಲಿ, ಹಾಕು ಇದನ್ನೇ.

'ಪ್ರೀತಿಯ ಸೈಮಿ,
ಆ ದಿನ ಲೈನಿನಲ್ಲಿ'

ಇಲ್ಲಿಗೆ ನಿಂತಿದೆ. ಕರ್ಸರು ಮಿಟುಕಿಸುತ್ತಿದೆ,
ಯಾರೂ ಮುಂದಿನ ಪದ ಹೇಳಿಕೊಡುತ್ತಿಲ್ಲ.

ನೀನೂ ಸದ್ದಿಲ್ಲದೆ ಕುರ್ಚಿ ಹಿಂದಕ್ಕೆ ಸರಿಸಿ
ಕಿಟಕಿಯಾಚೆಯ ಮಂಜುಗಡ್ಡೆ ನೋಡುತ್ತ ಕೂತೆಯಲ್ಲ,
ಅದನ್ನು ಯಾರು ಕಲಿಸಿದರೋ ನಿನಗೆ.